ಮೊದ್ಲ ಜೀವ, ಆಮ್ಯಾಲೆ ರೊಕ್ಕ

ಹೋದ ತಿಂಗಳ ಒಂದಿನ ರಾತ್ರಿ ಹತ್ತರ ಸುಮಾರು ಬಾಜು ಮನಿ ವೈನಿ ಬಂದು ಬಾಗಲಾ ಬಡದ್ರು. ಅವರ ಯಜಮಾನ್ರಿಗೆ ಎದಿ ನೋವು. ಆಟೋದಾಗ ಹಾಕ್ಕೊಂಡು ಹತ್ತಿರದ ಖಾಸಗಿ ದವಾಖಾನಿಗೆ ಹೋದ್ವಿ. ಒಳಗ ಕರಕೊಳ್ಳೋಕಿಂತ ಮೊದ್ಲ ಕೌಂಟರಿನ ಹುಡುಗ "ಇಪ್ಪತ್ತು ಸಾವಿರ ಅಡ್ವಾನ್ಸ್ ಕಟ್ರಿ" ಅಂದ. ವೈನಿ ಹತ್ರ ಇದ್ದದ್ದು ನಾಲ್ಕು ಸಾವಿರ. ಕೈಯಾಗಿನ ಬಂಗಾರದ ಬಳಿ ಬಿಚ್ಚಿ ಇಟ್ರು. ನಾನು ಬಾಯಿ ಮುಚ್ಕೊಂಡು ನಿಂತೆ.

ದೇವರ ದಯಾ, ಅವರು ಉಳದ್ರು. ಮರುದಿನ ನನ್ನ ಮಗ ಹೇಳಿದ, "ಅವ್ವಾ, ತುರ್ತು ಇದ್ದಾಗ ಹಂಗ ಮುಂಗಡ ಕೇಳಂಗಿಲ್ಲ, ಕಾನೂನು ಅದ." ನನಗ ನಾಚಿಕಿ ಆತು. ಪಿಯುಸಿ ಓದೀನಿ, ದಿನಾ ಪೇಪರ್ ಓದ್ತೀನಿ, ಇದು ಗೊತ್ತಿರಲಿಲ್ಲ.

ಈ ಕಾನೂನು ಸುಮ್ಮನ ಬಂದದ್ದಲ್ಲ. ಸ್ಕೂಟರಿನವ ಒಬ್ಬನಿಗೆ ಅಪಘಾತ ಆಗಿತ್ತು, 'ಇದು ಪೊಲೀಸ್ ಕೇಸು' ಅಂತ ದವಾಖಾನಿಯವರು ದೂರದ ಇನ್ನೊಂದಕ್ಕ ಕಳಿಸಿದ್ರು, ಅವ ದಾರ್‍ಯಾಗ ಸತ್ತ. ಪೇಪರಿನ್ಯಾಗ ಬಂದ ಆ ಸುದ್ದಿ ಹಿಡಕೊಂಡು ಪರಮಾನಂದ ಕಟಾರಾ ಅನ್ನೋರು ಸುಪ್ರೀಂ ಕೋರ್ಟಿಗೆ ಹೋದ್ರು. ಸರ್ಕಾರಿ ಇರಲಿ ಖಾಸಗಿ ಇರಲಿ, ಮೊದ್ಲ ಜೀವ ಉಳಸೋದು ಡಾಕ್ಟರ ಕರ್ತವ್ಯ ಅಂತ 1989ರಾಗ ತೀರ್ಪು ಬಂತು. 1992ರಾಗ ಪಶ್ಚಿಮ ಬಂಗಾಳದಾಗ ರೈಲಿನಿಂದ ಬಿದ್ದ ಒಬ್ಬ ಕೂಲಿಕಾರನ್ನ ಒಂದಾದ ಮ್ಯಾಲೊಂದು ಸರ್ಕಾರಿ ದವಾಖಾನಿಯವರು ಮರಳಿ ಕಳಿಸಿದ್ರು. ಕಡೀಗೆ ಅವ ಖಾಸಗಿ ದವಾಖಾನ್ಯಾಗ ಸುಮಾರು 17,000 ರೂಪಾಯಿ ಖರ್ಚು ಮಾಡಬೇಕಾತು. ಕೃಷಿ ಕೂಲಿಕಾರರ ಸಂಘ ಅವನ ಜೋಡಿ ನಿಂತು ಕೇಸು ಹಾಕ್ತು. 1996ರಾಗ ಕೋರ್ಟು 25,000 ಪರಿಹಾರ ಕೊಡಿಸಿ, 'ರೊಕ್ಕ ಇಲ್ಲ ಅಂತ ಸರ್ಕಾರ ಈ ಹೊಣಿ ತಪ್ಪಿಸಿಕೊಳ್ಳಂಗಿಲ್ಲ' ಅಂತು. ನಮ್ಮ ಕರ್ನಾಟಕದಾಗ 2017ರ ತಿದ್ದುಪಡಿ ಬಂದ ಮ್ಯಾಲೆ ಖಾಸಗಿಯವರು ತುರ್ತು ಚಿಕಿತ್ಸೆಗೆ ಮುಂಗಡ ಕೇಳಬಾರದು, ಬಿಲ್ ಬಾಕಿ ಅಂತ ಹೆಣ ಹಿಡದ ಇಟ್ಕೋಬಾರದು.

ದವಾಖಾನಿ ನಡಸೋರಿಗೂ ಖರ್ಚು ಇರ್ತದ, ಒಪ್ಪತೀನಿ. ಪೂರಾ ಪುಕ್ಕಟೆ ಮಾಡ್ರಿ ಅಂತ ಯಾರೂ ಹೇಳಿಲ್ಲ. ಮೊದ್ಲ ಉಸಿರು ನಿಲ್ಲಿಸ್ರಿ, ಬಿಲ್ ಆಮ್ಯಾಲೆ ಕೊಡ್ರಿ ಅಂದದ್ದು ಅಷ್ಟ.

ನನ್ನ ಮಾತು ಇಷ್ಟ. ಯಾರೋ ಬಡವರು ವರ್ಷಗಟ್ಟಲೆ ಕೋರ್ಟಿಗೆ ಅಲೆದು ಗೆದ್ದದ್ದು ಕೌಂಟರಿನ ಮುಂದ ನಿಂತ ನಮಗ ಗೊತ್ತಿರದಿದ್ರ, ಅದು ಕಾಗದದಾಗ ಉಳೀತದ. ಸರ್ಕಾರ ಇದನ್ನ ದವಾಖಾನಿ ಬಾಗಲದಾಗ ದೊಡ್ಡ ಅಕ್ಷರದಾಗ ಬರಸಲಿ. ನಾವು ಮಹಿಳಾ ಮಂಡಳದಾಗ ಹಪ್ಪಳ ಸಂಡಿಗಿ ಜೋಡಿ ಇದನ್ನೂ ಒಮ್ಮೆ ಮಾತಾಡೋಣ.

ನಾನಂತೂ ಹಾಲಿನ ಲೆಕ್ಕ ಬರಿಯೋ ಕ್ಯಾಲೆಂಡರಿನ ಮ್ಯಾಲೆ, 108ರ ಕೆಳಗ ಬರದಿಟ್ಟೀನಿ: 'ತುರ್ತು ಇದ್ರ ಅಡ್ವಾನ್ಸ್ ಕೇಳಂಗಿಲ್ಲ.' ಇನ್ನೊಮ್ಮೆ ಹಂಗ ನಿಲ್ಲೋ ಹೊತ್ತು ಬಂದ್ರ ಬಾಯಿ ಮುಚ್ಕೊಂಡು ನಿಲ್ಲೂದಿಲ್ಲ.