ಕಾಳು ಯಾವುದು, ಜೊಳ್ಳು ಯಾವುದು?

ಮೊರದಲ್ಲಿ ಅಕ್ಕಿಯನ್ನು ಹರಡಿಕೊಂಡು ಕುಳಿತ ಗೃಹಿಣಿಯನ್ನು ಕಾಣದವರಾರು? ಆಕೆಯ ಬೆರಳು ಕಲ್ಲನ್ನು ಹೆಕ್ಕಿ ಹೊರಗೆಸೆಯುತ್ತದೆ. ಅಕ್ಕಿಯನ್ನು ಒಳಕ್ಕೆ ಸರಿಸುತ್ತದೆ. ಸಂದೇಹಕ್ಕೆಡೆಯಾದ ನೆಲ್ಲುಕಾಳನ್ನು ಮತ್ತೊಮ್ಮೆ ನೋಡುವುದಕ್ಕೆಂದು ಬದಿಗಿರಿಸುತ್ತದೆ. ಪಕ್ಕದ ಮನೆಯವರೊಡನೆ ಮಾತು ಸಾಗಿದ್ದರೂ ಕೈ ತಪ್ಪುವುದಿಲ್ಲ. ಇದು ಗ್ರಂಥವನ್ನೋದಿ ಕಲಿತ ವಿದ್ಯೆಯಲ್ಲ. ಸಾವಿರಾರು ಸಲ ಆರಿಸಿ ಆರಿಸಿ ಬಂದ ಅನುಭವ. ಈ ಅನುಭವವನ್ನು ಗಣಕಯಂತ್ರಕ್ಕೂ ಕಲಿಸಬಹುದು. ಆದರೆ ಅದು ಆರಿಸಬೇಕಾದುದು ಅಕ್ಕಿಯನ್ನಲ್ಲ, ಪತ್ರಗಳನ್ನು.

ಇಂದಿನ ಇ-ಮೇಲ್ ಪೆಟ್ಟಿಗೆಯೂ ಒಂದು ಮೊರವೇ ಸರಿ. ದೂರದೇಶದಿಂದ ಮಗಳು ಬರೆದ ಪತ್ರ, ಬ್ಯಾಂಕಿನ ಲೆಕ್ಕ, ವಿದ್ಯುತ್ ಬಿಲ್ಲು ಇವುಗಳ ನಡುವೆ, ಚೀಟಿಯನ್ನೇ ಕೊಳ್ಳದ ಲಾಟರಿಯ ಬಹುಮಾನ, ವಾರದೊಳಗೆ ಬೊಜ್ಜು ಕರಗಿಸುವ ಗುಳಿಗೆ, ಹೆಸರೂ ಕೇಳಿರದ ಧನಿಕನ ಆಸ್ತಿಯಲ್ಲಿ ಪಾಲು! ಇಂಥ ಜೊಳ್ಳು ಪತ್ರಗಳಿಗೆ ‘ಸ್ಪ್ಯಾಮ್’ ಎಂದು ಹೆಸರು. ಮೂಲತಃ ಅದು 1937ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಡಬ್ಬಿ ಮಾಂಸದ ಹೆಸರು. 1970ರಲ್ಲಿ ಬ್ರಿಟನ್ನಿನ ಮಾಂಟಿ ಪೈಥಾನ್ ಎಂಬ ವಿನೋದಮಂಡಲಿಯವರು ಆಡಿದ ಪ್ರಹಸನವೊಂದರಲ್ಲಿ, ಹೋಟೆಲಿನ ತಿಂಡಿಗಳ ಪಟ್ಟಿಯ ತುಂಬ ಸ್ಪ್ಯಾಮೇ ಸ್ಪ್ಯಾಮು; ಬೇಡವೆಂದರೂ ಬಿಡದು. ಬೇಡದೆ ಬರುವ ಪತ್ರಕ್ಕೆ ಆ ಹೆಸರು ಅಂಟಿಕೊಂಡದ್ದು ಹಾಗೆ. ಈ ಪಿಡುಗು ಹೊಸದೂ ಅಲ್ಲ. 1978ರ ಮೇ ತಿಂಗಳಿನಲ್ಲಿಯೇ ಅಮೆರಿಕದ ಗಣಕ ಕಂಪೆನಿಯ ಮಾರಾಟಗಾರ ಗ್ಯಾರಿ ಥರ್ಕ್ ಎಂಬವರು, ಅಂದಿನ ಆರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ತಮ್ಮ ಹೊಸ ಯಂತ್ರಗಳ ಜಾಹೀರಾತನ್ನು ಒಮ್ಮೆಗೇ ಕಳುಹಿಸಿ, ಹಲವರ ಕೋಪಕ್ಕೆ ಗುರಿಯಾಗಿದ್ದರು.

ಜೊಳ್ಳನ್ನು ತೂರುವುದಕ್ಕೆ ಮೊದಮೊದಲು ಹೂಡಿದ ಉಪಾಯ ಕಟ್ಟುನಿಟ್ಟಾದ ನಿಯಮಗಳದು. ‘ಬಹುಮಾನ’ ಎಂಬ ಪದವಿದ್ದರೆ ಪತ್ರವನ್ನು ಹೊರಗೆ ಹಾಕು ಎಂದು ಯಂತ್ರಕ್ಕೆ ಆಜ್ಞೆಯಿತ್ತರಾಯಿತು. ಆದರೆ ಮೊಮ್ಮಗನಿಗೆ ಶಾಲೆಯಲ್ಲಿ ಬಹುಮಾನ ಬಂದ ಸಂತೋಷದ ಸುದ್ದಿಯೂ ಆಗ ಹೊರಗೆ ಬೀಳುತ್ತದೆ. ವಂಚಕನಾದರೋ, ಅಕ್ಷರಗಳ ನಡುವೆ ಚುಕ್ಕೆಯಿಟ್ಟು ಬರೆದು ಒಳಕ್ಕೆ ನುಸುಳುತ್ತಾನೆ.

ಬೇರೊಂದು ದಾರಿಯನ್ನು 1998ರಲ್ಲಿ ಕೆಲವು ಸಂಶೋಧಕರು ತೋರಿಸಿದರು. 2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಎಂಬ ಅಮೆರಿಕದ ಕ್ರಮವಿಧಿಕಾರರು ಪ್ರಕಟಿಸಿದ ಪ್ರಬಂಧದಿಂದ ಅದು ಜನಪ್ರಿಯವಾಯಿತು. ನಿಯಮಗಳನ್ನು ಬರೆಯುವುದರಲ್ಲಿ ಸುಮಾರು ಆರು ತಿಂಗಳು ಕಳೆದ ಬಳಿಕ ಅವರು ಆ ಮಾರ್ಗವನ್ನೇ ಕೈಬಿಟ್ಟರು. ಒಳ್ಳೆಯವು ಸುಮಾರು 4000, ಜೊಳ್ಳು ಸುಮಾರು 4000 ಪತ್ರಗಳನ್ನು ಯಂತ್ರದ ಮುಂದಿರಿಸಿ, ಯಾವ ಪದ ಯಾವ ರಾಶಿಯಲ್ಲಿ ಎಷ್ಟು ಸಲ ಬಂದಿದೆಯೆಂದು ಎಣಿಸಲು ಬಿಟ್ಟರು. ಆಗ ಹೊರಬಿದ್ದ ಸಂಗತಿಯೊಂದು ವಿನೋದಕರವಾದುದು. ಅಕ್ಷರಗಳಿಗೆ ಕಡುಗೆಂಪು ಬಣ್ಣ ಕೊಡುವ ‘ಎಫ್‌ಎಫ್0000’ ಎಂಬ ಸಂಕೇತವು, ಅಶ್ಲೀಲ ಪದಗಳಷ್ಟೇ ಖಚಿತವಾಗಿ ಜೊಳ್ಳನ್ನು ತೋರಿಸಿಕೊಟ್ಟಿತು! ಯಾವ ಮನುಷ್ಯನಿಗೂ ಇಂಥ ನಿಯಮ ಹೊಳೆಯುತ್ತಿರಲಿಲ್ಲ.

ಈ ಲೆಕ್ಕದ ಮೂಲಪುರುಷ ಥಾಮಸ್ ಬೇಯ್ಸ್ ಎಂಬ ಆಂಗ್ಲ ಪಾದ್ರಿ. ಆತ 1761ರಲ್ಲಿ ತೀರಿಕೊಂಡ ಮೇಲೆ, ಉಳಿದಿದ್ದ ಹಸ್ತಪ್ರತಿಯನ್ನು ಮಿತ್ರ ರಿಚರ್ಡ್ ಪ್ರೈಸ್ 1763ರಲ್ಲಿ ರಾಯಲ್ ಸೊಸೈಟಿಯ ಮೂಲಕ ಬೆಳಕಿಗೆ ತಂದನು. ಹೊಸ ಸಾಕ್ಷ್ಯ ದೊರೆತಂತೆಲ್ಲ ನಮ್ಮ ಊಹೆಯನ್ನು ಎಷ್ಟು ತಿದ್ದಿಕೊಳ್ಳಬೇಕು ಎಂಬುದೇ ಅದರ ತಿರುಳು.

ಉದಾಹರಣೆಗೆ, ಒಂದು ಮನೆಯ ಪೆಟ್ಟಿಗೆಯಿಂದ 100 ಒಳ್ಳೆಯ ಪತ್ರಗಳನ್ನೂ 100 ಜೊಳ್ಳು ಪತ್ರಗಳನ್ನೂ ಆಯ್ದಿದೆಯೆಂದು ಇಟ್ಟುಕೊಳ್ಳಬಹುದು. ‘ಲಾಟರಿ’ ಎಂಬ ಪದ ಜೊಳ್ಳಿನ 40 ಪತ್ರಗಳಲ್ಲಿಯೂ ಒಳ್ಳೆಯ ಒಂದೇ ಪತ್ರದಲ್ಲಿಯೂ ಇದೆ. ‘ಅಭಿನಂದನೆ’ ಜೊಳ್ಳಿನ 20ರಲ್ಲಿ, ಒಳ್ಳೆಯ 10ರಲ್ಲಿ ಇದೆ. ‘ಸೋದರಮಾವ’ ಎಂಬುದು ಜೊಳ್ಳಿನ ಒಂದರಲ್ಲಿ, ಒಳ್ಳೆಯ 20ರಲ್ಲಿ ಇದೆ. ಈ ಮೂರು ಪದಗಳೂ ಕೂಡಿದ ಪತ್ರವೊಂದು ಬಂದರೆ, ಲಾಟರಿಯು ಜೊಳ್ಳಿನ ಪಕ್ಷಕ್ಕೆ 40 ಪಾಲು, ಅಭಿನಂದನೆಯು 2 ಪಾಲು ಬಲ ಕೊಟ್ಟು, ಗುಣಿಸಿದರೆ 80 ಆಗುತ್ತದೆ. ಸೋದರಮಾವ ಎದುರುಪಕ್ಷದಲ್ಲಿ ನಿಂತು ಅದನ್ನು 20ರಿಂದ ಭಾಗಿಸುತ್ತಾನೆ. ಉಳಿದದ್ದು 4ಕ್ಕೆ 1; ಅಂದರೆ ಪತ್ರ ಜೊಳ್ಳಾಗಿರುವ ಸಂಭವ 100ಕ್ಕೆ 80. ಜೊಳ್ಳಿನ ಒಂದರಲ್ಲಿಯೂ ಒಳ್ಳೆಯ 10ರಲ್ಲಿಯೂ ಇದ್ದ ‘ದೀಪಾವಳಿ’ ಎಂಬ ಇನ್ನೊಂದು ಪದ ಅದೇ ಪತ್ರದಲ್ಲಿ ಸಿಕ್ಕಿದರೆ, ಸಂಭವ ಒಮ್ಮೆಗೇ 29ಕ್ಕೆ ಇಳಿಯುತ್ತದೆ. ಒಂದು ಪದದ ಮೇಲಿನ ಸಿಟ್ಟಿನಿಂದ ಇಡೀ ಪತ್ರವನ್ನು ಎಸೆಯದೆ, ಎಲ್ಲ ಸಾಕ್ಷಿಗಳನ್ನೂ ಕೇಳಿ ತೀರ್ಪು ಕೊಡುವ ನ್ಯಾಯ ಇದು.

ಇದನ್ನೆಲ್ಲ ಮನೆಯಲ್ಲಿಯೇ ಮಾಡಿನೋಡಲು ಇಂದು ಅಡ್ಡಿಯಿಲ್ಲ. ‘ಪೈಥಾನ್’ ಎಂಬ ಗಣಕಭಾಷೆಯನ್ನು ಅಲ್ಪಸ್ವಲ್ಪ ಬಲ್ಲ ಕಾಲೇಜು ಹುಡುಗನಿಗೆ ‘ಸೈಕಿಟ್-ಲರ್ನ್’ ಎಂಬ ಲೈಬ್ರರಿ ಉಚಿತವಾಗಿ ದೊರೆಯುತ್ತದೆ. ಲೈಬ್ರರಿಯೆಂದರೆ ಇಲ್ಲಿ ಪುಸ್ತಕಾಲಯವಲ್ಲ, ಬಲ್ಲವರು ಮೊದಲೇ ಸಿದ್ಧಪಡಿಸಿಟ್ಟ ಕ್ರಮವಿಧಿಗಳ ಭಂಡಾರ. ಸಾರಿನ ಪುಡಿಯನ್ನು ಆಗಾಗ ಕುಟ್ಟದೆ ಡಬ್ಬಿಯಿಂದ ತೆಗೆದು ಹಾಕಿದಂತೆ. ಪತ್ರಗಳ ಕಡತವನ್ನು ಬಿಚ್ಚಿ ಒಂದೊಂದಾಗಿ ಓದುವ ಸಾಧನ ಪೈಥಾನಿನಲ್ಲಿಯೇ ಇದೆ. ಪದಗಳನ್ನು ಎಣಿಸುವುದಕ್ಕೊಂದು, ಬೇಯ್ಸನ ಲೆಕ್ಕ ಮಾಡುವುದಕ್ಕೊಂದು ಸಾಧನ ಲೈಬ್ರರಿಯಲ್ಲಿವೆ. ಆರಿಸಿದ ಪತ್ರಗಳಲ್ಲಿ ಕೆಲವನ್ನು ಮಾತ್ರ ಪಾಠಕ್ಕೆ ಕೊಟ್ಟು, ಮಿಕ್ಕವನ್ನು ಪರೀಕ್ಷೆಗೆಂದು ಮರೆಯಲ್ಲಿರಿಸಬೇಕು. ಪಾಠದಲ್ಲಿ ಬಿಡಿಸಿದ ಲೆಕ್ಕವನ್ನೇ ಪರೀಕ್ಷೆಯಲ್ಲಿ ಕೇಳಿದರೆ ದಡ್ಡನೂ ಉತ್ತೀರ್ಣನಾಗುವನಲ್ಲವೆ?

ಕನ್ನಡದ ಪತ್ರಗಳಾದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಆ ಎಣಿಕೆಯ ಸಾಧನವು ತಾನಾಗಿ ಅನುಸರಿಸುವ ಕ್ರಮದಲ್ಲಿ ಕನ್ನಡದ ಗುಣಿತದ ಚಿಹ್ನೆಗಳು ಅಕ್ಷರಗಳೆನಿಸುವುದಿಲ್ಲ. ಕೊಂಬು, ದೀರ್ಘ ಬಂದಲ್ಲೆಲ್ಲ ಪದವನ್ನು ಅದು ಕಡಿದುಹಾಕುತ್ತದೆ. ಒಂಟಿಯಾಗಿ ಉಳಿದ ಅಕ್ಷರವನ್ನು ಎಸೆದುಬಿಡುತ್ತದೆ. ‘ಬಹುಮಾನ’ದಲ್ಲಿ ಉಳಿಯುವುದು ‘ಬಹ’ ಮಾತ್ರ! ತೆರಪು ಇದ್ದಲ್ಲಿ ಮಾತ್ರ ಪದವನ್ನು ಬಿಡಿಸಬೇಕೆಂದು ನಾವೇ ತಿಳಿಸಿದರೆ ಈ ದೋಷ ನೀಗುತ್ತದೆ. ಆದರೂ ಬಹುಮಾನವನ್ನು, ಬಹುಮಾನಕ್ಕೆ, ಬಹುಮಾನದಿಂದ ಎಂಬ ರೂಪಗಳು ಅದಕ್ಕೆ ಬೇರೆ ಬೇರೆ ಪದಗಳೇ. ಪದಗಳಿಗೆ ಬದಲಾಗಿ ಮೂರು ನಾಲ್ಕು ಅಕ್ಷರಗಳ ತುಣುಕುಗಳನ್ನು ಎಣಿಸುವುದು ಇದಕ್ಕೊಂದು ಪರಿಹಾರ.

ಇಷ್ಟಾದರೂ ಯಂತ್ರಕ್ಕೆ ಪತ್ರದ ಅರ್ಥ ತಿಳಿಯಿತೆಂದು ಯಾರೂ ಭ್ರಮಿಸಬಾರದು. ಅದು ಬಲ್ಲುದು ಎಣಿಕೆ ಮಾತ್ರ. ಯಜಮಾನನು ಯಾವುದನ್ನು ಜೊಳ್ಳೆಂದನೋ ಅದೇ ಅದಕ್ಕೆ ಜೊಳ್ಳು. ಬೇಸರದಿಂದ ಒಮ್ಮೆ ಬ್ಯಾಂಕಿನ ಪತ್ರಗಳನ್ನೆಲ್ಲ ಜೊಳ್ಳಿನ ರಾಶಿಗೆ ತಳ್ಳಿದರೆ, ಮುಂದೆ ಬ್ಯಾಂಕಿನ ಎಚ್ಚರಿಕೆಯ ಪತ್ರವೂ ಅಲ್ಲಿಗೇ ಹೋದೀತು.

ಇದಕ್ಕಿಂತ ಮುಖ್ಯವಾದುದು ತಪ್ಪುಗಳ ತೂಕ. ಜೊಳ್ಳೊಂದು ಒಳಗೆ ನುಸುಳಿದರೆ ನಷ್ಟವೇನು? ಅಳಿಸಲು ಒಂದು ನಿಮಿಷ. ಆದರೆ ತಿಂಗಳುಗಟ್ಟಲೆ ಕಾದಿದ್ದ ತರುಣನೊಬ್ಬನ ಸಂದರ್ಶನದ ಕರೆಯೇ ಜೊಳ್ಳಿನಲ್ಲಿ ಬಿದ್ದರೆ? ಜಿಮೇಲ್‌ನಲ್ಲಿ ಸ್ಪ್ಯಾಮ್ ಕಡತಕ್ಕೆ ಬಿದ್ದ ಪತ್ರಗಳು 30 ದಿನಗಳ ಬಳಿಕ ತಾವಾಗಿ ಅಳಿದುಹೋಗುತ್ತವೆ. ನೂರರಲ್ಲಿ ತೊಂಬತ್ತೊಂಬತ್ತು ಸರಿಯೆಂದು ಹೊಗಳಿಸಿಕೊಂಡ ಯಂತ್ರದ ಆ ಒಂದು ತಪ್ಪು, ಒಂದು ಮನೆಯ ವರ್ಷದ ಅನ್ನವಾಗಿರಬಹುದು. ಆದುದರಿಂದಲೇ ಗ್ರಹಾಂ ಅವರು ಒಳ್ಳೆಯ ಪತ್ರಗಳ ಎಣಿಕೆಯನ್ನು ಇಮ್ಮಡಿ ಮಾಡಿ, ತಕ್ಕಡಿಯನ್ನು ಬೇಕೆಂದೇ ಆ ಕಡೆಗೆ ವಾಲಿಸಿದರು. 2002ರಲ್ಲಿಯೇ ಆರಂಭವಾದ ‘ಸ್ಪ್ಯಾಮ್‌ಬೇಯ್ಸ್’ ಎಂಬ ಇನ್ನೊಂದು ಸಾಧನವು ಎರಡರ ಬದಲು ಮೂರು ರಾಶಿಗಳನ್ನು ಮಾಡಿತು: ಒಳ್ಳೆಯದು, ಜೊಳ್ಳು, ಸಂದೇಹಾಸ್ಪದ.

ಮೊರದ ಮುಂದೆ ಕುಳಿತ ಗೃಹಿಣಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆಕೆಯ ಮೊರದ ಬದಿಯಲ್ಲಿ ನೆಲ್ಲಿನ ಪುಟ್ಟ ರಾಶಿಯೊಂದು ಯಾವಾಗಲೂ ಇರುತ್ತದೆ. ಏಳುವ ಮುನ್ನ ಅದನ್ನು ಮತ್ತೊಮ್ಮೆ ಕೆದಕಿ ನೋಡಿಯೇ ಆಕೆ ಏಳುತ್ತಾಳೆ. ಇ-ಮೇಲ್ ಇರುವ ಮನೆಯವರೂ ವಾರಕ್ಕೊಮ್ಮೆ ಜೊಳ್ಳಿನ ಕಡತವನ್ನು ತೆರೆದು ಕೆದಕುವ ಪದ್ಧತಿಯನ್ನಿಟ್ಟುಕೊಂಡರೆ, ಎಲ್ಲಿಯೋ ಒಂದು ಕಾಳು ಉಳಿದೀತು.