ಮುಚ್ಚಳಿಕೆಯ ವೈದ್ಯರು

ಶಿವಮೊಗ್ಗೆಯಿಂದ ಶಿಕಾರಿಪುರದ ಕಡೆಗೆ ಹೊರಟ ಬಸ್ಸು ಸವಳಂಗದಲ್ಲಿ ನಿಂತಾಗ, ಇಳಿಯುವವರ ಕೈಗಳನ್ನು ನೋಡಬೇಕು. ಸಂತೆಯ ಚೀಲಗಳ ನಡುವೆ ಔಷಧದ ಅಂಗಡಿಯ ಪೊಟ್ಟಣಗಳು, ಕ್ಷ-ಕಿರಣ ಚಿತ್ರವಿರುವ ಅಗಲವಾದ ಲಕೋಟೆಗಳು, ಮಡಿಸಿ ಮಡಿಸಿ ಸವೆದ ಚೀಟಿಗಳು ಕಾಣಿಸುತ್ತವೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚಿತವಾದಾಗ ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗೆಯನ್ನು ಬಿಟ್ಟು ಹೊಸ ಜಿಲ್ಲೆಗೆ ಸೇರಿದವು. ಜಗಳೂರು ಚಿತ್ರದುರ್ಗದಿಂದ ಬಂದಿತು. ಇಪ್ಪತ್ತು ವರ್ಷಗಳ ತರುವಾಯ ಹೊನ್ನಾಳಿಯ ಒಡಲಿನಿಂದ ನ್ಯಾಮತಿ ತಾಲ್ಲೂಕು ಹುಟ್ಟಿತು. ಸವಳಂಗದ ಕಡತಗಳು ಈಗ ದಾವಣಗೆರೆಗೆ ಹೋಗುತ್ತವೆ. ಕಾಯಿಲೆಗಳು ಮಾತ್ರ ಹಳೆಯ ದಾರಿಯನ್ನು ಮರೆಯದೆ ಶಿವಮೊಗ್ಗೆಗೇ ಹೋಗುತ್ತವೆ.

ಈ ಪ್ರಯಾಣಿಕರಲ್ಲಿ ಎಷ್ಟು ಮಂದಿಗೆ ನಗರದ ಆಸ್ಪತ್ರೆ ನಿಜವಾಗಿ ಅವಶ್ಯಕವಾಗಿತ್ತು? ಎಲ್ಲರಿಗೂ ಅಲ್ಲವೆಂದು ಯಾವ ವೈದ್ಯರಾದರೂ ಹೇಳಿಯಾರು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಗುವಿನ ಜ್ವರ, ಬಸುರಿಯ ತಪಾಸಣೆ ಇವುಗಳಿಗೆಲ್ಲ ಊರಿನ ಸಮೀಪದ ಆರೋಗ್ಯ ಕೇಂದ್ರವೇ ಸಾಕು. 1946ರಲ್ಲಿ ಭೋರ್ ಸಮಿತಿ ಪ್ರಾಥಮಿಕ ಆರೋಗ್ಯ ಕೇಂದ್ರವೆಂಬ ಕಲ್ಪನೆಯನ್ನು ದೇಶದ ಮುಂದಿಟ್ಟದ್ದು ಇದೇ ಕಾರಣದಿಂದ. ಬಯಲು ಸೀಮೆಯಲ್ಲಿ ಮೂವತ್ತು ಸಾವಿರ ಜನಕ್ಕೆ, ಗುಡ್ಡಗಾಡಿನಲ್ಲಿ ಇಪ್ಪತ್ತು ಸಾವಿರ ಜನಕ್ಕೆ ಒಂದರಂತೆ ಇಂಥ ಕೇಂದ್ರವಿರಬೇಕೆಂಬುದು ಆಮೇಲೆ ರೂಢಿಗೆ ಬಂದ ಲೆಕ್ಕ. ಕಟ್ಟಡವನ್ನು ಕಂಟ್ರಾಕ್ಟುದಾರನಿಂದ ಕಟ್ಟಿಸಬಹುದು, ಮಂಚವನ್ನು ಕೊಂಡು ತರಬಹುದು. ಅಲ್ಲಿ ಕುಳಿತು ನಾಡಿ ಹಿಡಿಯುವವರನ್ನು ಎಲ್ಲಿಂದ ತರುವುದು?

ಇದಕ್ಕೆ ಕರ್ಣಾಟಕ ಕಂಡುಕೊಂಡ ಉತ್ತರ ಕಡ್ಡಾಯ. ವೈದ್ಯಕೀಯ ವ್ಯಾಸಂಗ ಮುಗಿಸಿದ ಅಭ್ಯರ್ಥಿಗಳು ಒಂದು ವರ್ಷ ಸರಕಾರದ ಸೇವೆ ಮಾಡಲೇಬೇಕೆಂದು ರಾಜ್ಯದ ಶಾಸನಸಭೆ 2012ರಲ್ಲಿ ಕಾಯಿದೆ ಮಾಡಿತು. ಅದು ಜಾರಿಗೆ ಬಂದುದು 2015ರಲ್ಲಿ. ಎಂ.ಬಿ.ಬಿ.ಎಸ್. ಮುಗಿಸಿದವರು ಹಳ್ಳಿಗಾಡಿನ ಸರಕಾರಿ ಆಸ್ಪತ್ರೆಗಳಿಗೆ, ಅದಕ್ಕೂ ಮೇಲಿನ ಪದವಿ ಪಡೆದವರು ದೊಡ್ಡ ಆಸ್ಪತ್ರೆಗಳಿಗೆ ಹೋಗತಕ್ಕದ್ದು. ಆ ಒಂದು ವರ್ಷ ಮುಗಿಯುವವರೆಗೆ ವೃತ್ತಿಯ ನೋಂದಣಿ ತಾತ್ಕಾಲಿಕ. ತಪ್ಪಿ ನಡೆದವರಿಗೆ ಹದಿನೈದು ಲಕ್ಷದಿಂದ ಮೂವತ್ತು ಲಕ್ಷ ರೂಪಾಯಿಗಳವರೆಗೆ ದಂಡ. ಓದುವುದಕ್ಕೆ ಇಷ್ಟೇನೂ ಕಠಿಣವಲ್ಲ. ಹಳ್ಳಿಯವರ ಕಿವಿಗೆ ಹಿತವಾಗಿಯೇ ಕೇಳಿಸುವ ಮಾತು. ಹೀಗಿದ್ದೂ ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಿಲನ್ನು ಮತ್ತೆ ಮತ್ತೆ ಏರಿದರು.

ಅವರ ತಕರಾರನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರೊಳಗೆ ಒಂದು ಸರಿಯಾದ ಪ್ರಶ್ನೆಯಿದೆ. ಹಿಂದಿನಿಂದಲೂ ನಮ್ಮಲ್ಲಿ ಇಂಥ ಕಟ್ಟುಪಾಡುಗಳು ಇದ್ದದ್ದು ಕೊಡು-ಕೊಳ್ಳುವ ಲೆಕ್ಕದಲ್ಲಿ. ಸರಕಾರ ಓದಿಸುತ್ತದೆ, ಊಟ ವಸತಿ ಕೊಡುತ್ತದೆ. ಓದಿದವನು ಇಷ್ಟು ವರ್ಷ ಸೇವೆ ಮಾಡುವೆನೆಂದು ಮುಚ್ಚಳಿಕೆ ಬರೆದುಕೊಡುತ್ತಾನೆ. ಪುಣೆಯ ಸೇನಾ ವೈದ್ಯಕೀಯ ಕಾಲೇಜು ನಡೆದು ಬಂದಿರುವುದು ಈ ದಾರಿಯಲ್ಲಿಯೇ. ಅಲ್ಲಿ ಸೇರಿದವರಿಗೆ ಬೋಧನೆಯ ಶುಲ್ಕವಿಲ್ಲ. ಪದವಿಯಾದ ಮೇಲೆ ಅವರು ಸೇನೆಯ ವೈದ್ಯಾಧಿಕಾರಿಗಳಾಗುತ್ತಾರೆ. ಜಮಾಲಪುರದ ರೈಲ್ವೆ ಶಿಕ್ಷಣಾಲಯದಲ್ಲಿ 1927ರಿಂದ ಆಯ್ದ ಹುಡುಗರಿಗೆ ವೇತನ ಕೊಟ್ಟು ಯಂತ್ರಶಾಸ್ತ್ರ ಕಲಿಸಿ, ಅವರನ್ನೇ ರೈಲ್ವೆಯ ಅಧಿಕಾರಿಗಳನ್ನಾಗಿ ಮಾಡಿಕೊಳ್ಳುತ್ತಿದ್ದರು. ಆ ಪರೀಕ್ಷೆ 2015ರ ತರುವಾಯ ನಡೆಯಲಿಲ್ಲ. ಒಳ್ಳೆಯ ಪದ್ಧತಿಯೊಂದು ಸದ್ದಿಲ್ಲದೆ ಮುಗಿಯಿತು. ಈ ಎರಡು ಕಡೆಯೂ ಹದಿನೇಳು ಹದಿನೆಂಟರ ಹುಡುಗನಿಗೆ ತಾನು ಏನನ್ನು ಪಡೆಯುತ್ತಿದ್ದೇನೆ, ಅದಕ್ಕೆ ಪ್ರತಿಯಾಗಿ ಏನನ್ನು ಕೊಡುತ್ತಿದ್ದೇನೆ ಎಂಬುದು ಮೊದಲ ದಿನವೇ ಗೊತ್ತಿತ್ತು.

ನಮ್ಮ ಕಾಯಿದೆಯಲ್ಲಿ ಕೊಡುವ ಭಾಗ ಒಂದೇ ಅಳತೆಯದು, ಪಡೆಯುವ ಭಾಗ ಮಾತ್ರ ಹಲವು ಅಳತೆಗಳದು. ಸರಕಾರಿ ಕಾಲೇಜಿನ ಸರಕಾರಿ ಸ್ಥಾನದಲ್ಲಿ ವರ್ಷಕ್ಕೆ ಸಾವಿರಗಳ ಲೆಕ್ಕದಲ್ಲಿ ಶುಲ್ಕ ತೆತ್ತು ಓದಿದವನಿಗೂ, ಖಾಸಗಿ ಕಾಲೇಜಿನಲ್ಲಿ ವರ್ಷವರ್ಷವೂ ಹಲವಾರು ಲಕ್ಷ ಸುರಿದು ಓದಿದವನಿಗೂ ಅದೇ ಒಂದು ವರ್ಷ. ಮೊದಲನೆಯವನು ಋಣ ತೀರಿಸುತ್ತಾನೆ. ಎರಡನೆಯವನು ತಾನು ಯಾವ ಋಣವನ್ನು ತೀರಿಸುತ್ತಿದ್ದೇನೆಂದು ಕೇಳುತ್ತಾನೆ. 2024ರಲ್ಲಿ ಇಂಥ ಕೆಲವರ ಅರ್ಜಿ ಸುಪ್ರೀಂ ಕೋರ್ಟಿಗೆ ಬಂದಾಗ, ಖಾಸಗಿ ಕಾಲೇಜಿನಲ್ಲಿ ಓದಿದ ಮಾತ್ರಕ್ಕೆ ಹಳ್ಳಿಯ ಸೇವೆಯಿಂದ ವಿನಾಯಿತಿ ಏಕೆ ಬೇಕೆಂದು ನ್ಯಾಯಮೂರ್ತಿಗಳು ತಿರುಗಿ ಪ್ರಶ್ನಿಸಿದರು. ಅದೂ ನ್ಯಾಯವಾದ ಪ್ರಶ್ನೆಯೇ. ಖಾಸಗಿ ಕಾಲೇಜಿನ ಹುಡುಗನೂ ಕಲಿಯುವುದು ಬಡರೋಗಿಯ ಮೈಮೇಲೆ. ಆ ರೋಗಿ ಹಾಸಿಗೆಯಲ್ಲಿ ಮಲಗಿ ತನ್ನ ನೋವನ್ನು ಪಾಠವಾಗಿ ಕೊಟ್ಟಿರುತ್ತಾನೆ. ಹೊನ್ನಾಳಿ, ಜಗಳೂರುಗಳಿಂದ ಬಂದ ಎಷ್ಟೋ ಮಂದಿ, 1965ರಲ್ಲಿ ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜು ತೆರೆದಂದಿನಿಂದ, ತಲೆಮಾರುಗಳ ವಿದ್ಯಾರ್ಥಿಗಳಿಗೆ ಹೀಗೆ ಪಾಠ ಕೊಟ್ಟವರು. ಅವರಿಗೆ ಸಂಭಾವನೆಯನ್ನು ಯಾರೂ ಕೊಟ್ಟಿಲ್ಲ.

ಕಡ್ಡಾಯ ಸೇವೆಯೆಂಬುದು ಜೀತವಲ್ಲವೆ ಎಂದು ವಾದಿಸಿದವರೂ ಇದ್ದಾರೆ. ಸಂವಿಧಾನದ 23ನೆಯ ವಿಧಿ ಬಿಟ್ಟಿ ಬೇಗಾರಿಯನ್ನು ನಿಷೇಧಿಸುತ್ತದೆ ನಿಜ. ಅದೇ ವಿಧಿಯ ಎರಡನೆಯ ಭಾಗ, ಜಾತಿ ಮತ ವರ್ಗಗಳ ಭೇದವೆಣಿಸದೆ ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆಯನ್ನು ವಿಧಿಸಲು ರಾಜ್ಯಕ್ಕೆ ಅವಕಾಶ ಕೊಡುತ್ತದೆ. ಮೇಲಿನ ಪದವಿಗಳಿಗೆ ಸೇರುವಾಗ ಹಲವು ರಾಜ್ಯಗಳು ಬರೆಸಿಕೊಳ್ಳುವ ಮುಚ್ಚಳಿಕೆಗಳನ್ನು ಸುಪ್ರೀಂ ಕೋರ್ಟು 2019ರ ಆಗಸ್ಟ್ 19ರಂದು ಎತ್ತಿಹಿಡಿಯಿತು. ರಾಜ್ಯಕ್ಕೊಂದು ಕರಾರಿರುವುದನ್ನು ಗಮನಿಸಿ, ದೇಶಕ್ಕೆಲ್ಲ ಒಂದೇ ನೀತಿಯನ್ನು ರೂಪಿಸಲು ಯೋಚಿಸಬೇಕೆಂದೂ ಹೇಳಿತು. ಆದುದರಿಂದ ಇದು ಕಾನೂನಿಗೆ ವಿರುದ್ಧವೆಂಬ ವಾದ ಹೆಚ್ಚು ಕಾಲ ನಿಲ್ಲಲಾರದು. ನಿಲ್ಲುವ ವಾದ ಬೇರೆಯದು: ಇದರಿಂದ ರೋಗಿಗೆ ಏನು ದೊರೆಯಿತು?

ನಮ್ಮ ಬಂಧುವರ್ಗದಲ್ಲಿ ಒಬ್ಬ ವೃದ್ಧೆಯಿದ್ದಾರೆ. ಸಕ್ಕರೆ ಕಾಯಿಲೆ, ಹತ್ತಿರದ ಒಂದು ಆರೋಗ್ಯ ಕೇಂದ್ರಕ್ಕೆ ತಿಂಗಳಿಗೊಮ್ಮೆ ಹೋಗಿ ಬರುತ್ತಾರೆ. ಹೋದ ಸಲ ಕಂಡಾಗ, “ಡಾಕ್ಟ್ರು ಹೇಗಿದ್ದಾರಮ್ಮ?” ಎಂದು ಕೇಳಿದೆ. “ಯಾವ ಡಾಕ್ಟ್ರಪ್ಪ? ಮೂರು ವರ್ಷಕ್ಕೆ ಮೂವರು ಬಂದರು. ಬಂದವರೆಲ್ಲ ಒಳ್ಳೆಯವರೇ. ಒಬ್ಬೊಬ್ಬರೂ ಮೊದಲು ಮಾತ್ರೆ ಬದಲಾಯಿಸಿದರು, ಆಮೇಲೆ ನನ್ನ ಹೆಸರು ಕಲಿತರು, ಹೆಸರು ಕಲಿಯುವ ಹೊತ್ತಿಗೆ ಹೊರಟುಹೋದರು” ಎಂದರು. ದೂರಿನ ಧ್ವನಿಯೇನೂ ಅದರಲ್ಲಿರಲಿಲ್ಲ. ಮಳೆಯ ವಿಷಯ ಹೇಳುವ ಹಾಗೆ ಹೇಳಿದರು.

ಒಂದು ವರ್ಷದ ಸೇವೆಯ ಸ್ವರೂಪವೇ ಇದು. ಮೊದಲ ಮೂರು ತಿಂಗಳು ಊರು ತಿಳಿಯುವುದಕ್ಕೆ ಬೇಕು. ಕೊನೆಯ ಮೂರು ತಿಂಗಳು ಮುಂದಿನ ಪ್ರವೇಶ ಪರೀಕ್ಷೆಯ ಪುಸ್ತಕಗಳ ಪಾಲು. ನಡುವೆ ಉಳಿಯುವ ಆರು ತಿಂಗಳಲ್ಲಿ ಆ ತರುಣ ವೈದ್ಯ ಅಥವಾ ವೈದ್ಯೆ ಮನಸ್ಸಿಟ್ಟು ದುಡಿದರೂ, ದೀರ್ಘಕಾಲದ ಕಾಯಿಲೆಗೆ ಬೇಕಾದದ್ದು ಅದಲ್ಲ. ರೋಗಿಯ ಅಪ್ಪನಿಗೆ ಏನಿತ್ತು, ಮನೆಯಲ್ಲಿ ಅಡಿಗೆ ಯಾರು ಮಾಡುತ್ತಾರೆ, ಮೆಕ್ಕೆಜೋಳದ ಕಟಾವಿನ ಕಾಲದಲ್ಲಿ ಮಾತ್ರೆ ನುಂಗುವುದನ್ನು ಯಾರು ಮರೆಯುತ್ತಾರೆ ಎಂಬುದೆಲ್ಲ ತಿಳಿದಿರುವ ವೈದ್ಯ ಬೇಕು. ಆ ತಿಳಿವಳಿಕೆ ಐದಾರು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತವರಿಗೆ ಮಾತ್ರ ಬರುತ್ತದೆ.

ಇನ್ನು ದಂಡದ ವಿಷಯ. ದಂಡವು ಯಾರನ್ನು ಹೆದರಿಸುತ್ತದೆ? ಕೂಲಿಯವನ ಮಗ ಸಾಲ ಮಾಡಿ ಡಾಕ್ಟರಾದರೆ ಹದಿನೈದು ಲಕ್ಷವೆಂಬ ಮಾತಿಗೇ ನಡುಗುತ್ತಾನೆ, ಹೇಳಿದ ಊರಿಗೆ ಹೋಗುತ್ತಾನೆ. ವ್ಯಾಸಂಗಕ್ಕೇ ಕೋಟಿಯ ಹತ್ತಿರ ವೆಚ್ಚ ಮಾಡಬಲ್ಲ ಮನೆಯವನಿಗೆ ಅದು ದಂಡವಲ್ಲ, ಶುಲ್ಕದ ಕೊನೆಯ ಕಂತು. ಹೀಗೆ ದುಡ್ಡಿನ ರೂಪದ ಶಿಕ್ಷೆ ಬಡವನಿಗೆ ಆಜ್ಞೆಯೂ ಸಿರಿವಂತನಿಗೆ ರಹದಾರಿಯೂ ಆಗಿಬಿಡುತ್ತದೆ.

ಕಾಯಿದೆಗೆ ಬಂದ ನಿಜವಾದ ಪೆಟ್ಟು ನ್ಯಾಯಾಲಯದಿಂದಲ್ಲ, ಲೆಕ್ಕದಿಂದ. ರಾಜ್ಯದಲ್ಲಿ ಕಾಲೇಜುಗಳು ಹೆಚ್ಚಿದವು. ವರ್ಷವರ್ಷವೂ ಹೊರಬೀಳುವ ವೈದ್ಯರಿಗೆಲ್ಲ ಕೊಡುವಷ್ಟು ಖಾಲಿ ಹುದ್ದೆಗಳು ಸರಕಾರದ ಬಳಿ ಇರಲಿಲ್ಲ. ಸೇವೆ ಮಾಡಲೇಬೇಕು, ಆದರೆ ಸೇವೆಗೆ ಸ್ಥಳವಿಲ್ಲ. ಸ್ಥಳ ದೊರೆಯುವವರೆಗೆ ಕಾಯುತ್ತ ಕುಳಿತವರ ಕಾಲ ವ್ಯರ್ಥ. ಕೊನೆಗೆ 2023ರಲ್ಲಿ ಕಾಯಿದೆಗೆ ತಿದ್ದುಪಡಿ ತಂದು, ಖಾಲಿ ಹುದ್ದೆಗಳಿರುವಷ್ಟು ಮಂದಿಗೆ ಮಾತ್ರ ಕಡ್ಡಾಯವೆಂದು ಮಾಡಿದರು. ಅಂದರೆ ವೈದ್ಯರ ಸಂಖ್ಯೆ ಸಾಲದೆಂದು ಹುಟ್ಟಿದ ಶಾಸನ, ಸಂಖ್ಯೆ ಹೆಚ್ಚಾಯಿತೆಂದು ಕುಗ್ಗಿತು. ಈ ನಡುವೆ ತಜ್ಞ ವೈದ್ಯರಿಗಾಗಿ ನಗರದ ಬಸ್ಸು ಹತ್ತುವವರು ಹತ್ತುತ್ತಲೇ ಇದ್ದಾರೆ. ಕೊರತೆಯಿದ್ದುದು ಪದವೀಧರರದಲ್ಲ, ಹಳ್ಳಿಯಲ್ಲಿ ಉಳಿಯುವವರದು ಎಂಬುದು ಇದರಿಂದ ಸ್ಪಷ್ಟವಾಗಬೇಕು.

ಉಳಿಯುವವರನ್ನು ಹೇಗೆ ಪಡೆಯುವುದೆಂಬುದಕ್ಕೆ ಜಪಾನು ಒಂದು ದಾರಿ ತೋರಿಸಿದೆ. ಅಲ್ಲಿ 1972ರಲ್ಲಿ ಪ್ರಾಂತಗಳೆಲ್ಲ ಕೂಡಿ ಜಿಚಿ ವೈದ್ಯಕೀಯ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದವು. ನಲವತ್ತೇಳು ಪ್ರಾಂತಗಳಲ್ಲಿ ಪ್ರತಿಯೊಂದರಿಂದಲೂ ವರ್ಷಕ್ಕೆ ಎರಡು ಮೂರು ವಿದ್ಯಾರ್ಥಿಗಳ ಆಯ್ಕೆ. ಆರು ವರ್ಷಗಳ ವ್ಯಾಸಂಗದ ವೆಚ್ಚ ಪ್ರಾಂತದ್ದು. ಪದವೀಧರ ತನ್ನದೇ ಪ್ರಾಂತಕ್ಕೆ ಹಿಂದಿರುಗಿ, ಓದಿದ ಕಾಲದ ಒಂದೂವರೆ ಪಟ್ಟು, ಎಂದರೆ ಸಾಮಾನ್ಯವಾಗಿ ಒಂಬತ್ತು ವರ್ಷ, ಅಲ್ಲಿಯ ಅಧಿಕಾರಿಗಳು ಹೇಳಿದ ಕಡೆ ಕೆಲಸ ಮಾಡಬೇಕು. ನಡುವೆ ಬಿಟ್ಟರೆ ಹಣವನ್ನು ಬಡ್ಡಿಸಹಿತ ಒಮ್ಮೆಗೇ ತೀರಿಸಬೇಕು. ಬಹುಪಾಲು ಮಂದಿ ಬಿಡುವುದಿಲ್ಲ. ಜರ್ಮನಿಯ ಉತ್ತರ ರೈನ್-ವೆಸ್ಟ್‌ಫಾಲಿಯ ಪ್ರಾಂತವೂ 2019ರಿಂದ ಕೆಲವು ಸ್ಥಾನಗಳನ್ನು ಹಳ್ಳಿಯ ವೈದ್ಯರಾಗಲು ಒಪ್ಪುವವರಿಗೆಂದೇ ಕಾದಿರಿಸಿದೆ. ಕರಾರು ಹತ್ತು ವರ್ಷದ್ದು, ಮುರಿದರೆ ಎರಡೂವರೆ ಲಕ್ಷ ಯೂರೋ. ಈ ಎರಡು ಕಡೆಯೂ ಕರಾರು ದೀರ್ಘ, ಆದರೆ ಅದಕ್ಕೆ ಒಳಪಡುವವರು ಕೆಲವರು ಮಾತ್ರ, ಅವರೂ ಮೊದಲೇ ಬಯಸಿ ಬಂದವರು. ನಮ್ಮದು ಎಲ್ಲರನ್ನೂ ಹಿಡಿಯುವ, ಯಾರನ್ನೂ ನಿಲ್ಲಿಸದ ಬಲೆ.

ಬಲೆಯ ಬದಲು ಬೇಕಾದ ಹುರಿ ನಮ್ಮ ಕೈಯಲ್ಲಿಯೇ ಇದೆಯೆಂಬುದನ್ನು ಸರಕಾರ ಗಮನಿಸಿದಂತಿಲ್ಲ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರ ಪ್ರದೇಶದ ಶಾಲೆಗಳಲ್ಲಿ ಓದಿದವರಿಗೆ ಕರ್ಣಾಟಕದಲ್ಲಿ ವೃತ್ತಿಶಿಕ್ಷಣದ ಸರಕಾರಿ ಸ್ಥಾನಗಳಲ್ಲಿ ಶೇಕಡ 15ರ ಮೀಸಲಾತಿಯಿದೆ. ಕನ್ನಡ ಮಾಧ್ಯಮದವರಿಗೆ ಶೇಕಡ 5. ಸವಳಂಗದ ಶಾಲೆಯಲ್ಲಿ ಕಲಿತ ಹುಡುಗಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿಯುಳ್ಳ ಪ್ರಮಾಣಪತ್ರ ಹಿಡಿದು ಈ ಸ್ಥಾನಕ್ಕೆ ಅರ್ಜಿ ಹಾಕುತ್ತಾಳೆ. ಹಳ್ಳಿಯಿಂದ ಬಂದವಳೆಂಬ ಕಾರಣಕ್ಕೆ ಸ್ಥಾನ ದೊರೆಯುತ್ತದೆ. ಹಳ್ಳಿಗೆ ಹಿಂದಿರುಗುವ ಮಾತನ್ನು ಮಾತ್ರ ಯಾರೂ ಅವಳೊಡನೆ ಎತ್ತುವುದಿಲ್ಲ. ಆ ಸ್ಥಾನಗಳಲ್ಲಿ ಒಂದು ಪಾಲಿಗೆ ಶುಲ್ಕವನ್ನು ಪೂರ್ತಿ ತೆಗೆದುಹಾಕಿ, ವಸತಿ ಪುಸ್ತಕಗಳ ಹೊಣೆಯನ್ನು ವಹಿಸಿಕೊಂಡು, ನಿನ್ನ ತಾಲ್ಲೂಕಿನಲ್ಲಿ ಅಥವಾ ಅದರ ನೆರೆಯಲ್ಲಿ ಆರು ವರ್ಷ ಇರುವೆಯಾ ಎಂದು ಕೇಳಿದರೆ, ಒಪ್ಪುವವರಿಲ್ಲವೆ? ಬೇಡವೆನ್ನುವವರು ಸಾಮಾನ್ಯ ಸ್ಥಾನದಲ್ಲಿ ಓದಲಿ.

ಇದಕ್ಕೆ ಎದುರಾಗುವ ಮಾತುಗಳನ್ನು ಮರೆಮಾಡಬಾರದು. ಹದಿನೇಳರ ವಯಸ್ಸಿನಲ್ಲಿ ಹಾಕಿದ ಸಹಿ ಮೂವತ್ತರ ಬದುಕನ್ನು ಕಟ್ಟಿಹಾಕುವುದು ಸಣ್ಣ ವಿಷಯವಲ್ಲ. ಮದುವೆಯಾಗಿ ಬೇರೆ ಜಿಲ್ಲೆಗೆ ಹೋಗಬೇಕಾದ ಹೆಣ್ಣುಮಗಳಿಗಂತೂ ಅಲ್ಲವೇ ಅಲ್ಲ. ಬಡವರ ಮಕ್ಕಳಿಗೆ ಹಳ್ಳಿ, ಹಣವಂತರ ಮಕ್ಕಳಿಗೆ ನಗರ ಎಂಬ ಹೊಸ ವರ್ಣವಿಭಾಗ ಹುಟ್ಟೀತೆಂಬ ಭಯವೂ ಹುಸಿಯಲ್ಲ. ಆದಕಾರಣ ಮುಚ್ಚಳಿಕೆಯಲ್ಲಿ ಎರಡು ಸಹಿಗಳಿರಬೇಕು. ಬೀಗವಿರುವ ವಸತಿಗೃಹ, ರಾತ್ರಿಯ ಪಾಳಿಗೆ ದಾದಿ, ತಪ್ಪದೆ ಬರುವ ಔಷಧ, ತಿಂಗಳ ಮೊದಲ ವಾರದಲ್ಲಿ ಸಂಬಳ ಇವು ಸರಕಾರದ ಕಡೆಯ ಕರಾರುಗಳು. ಅವು ತಪ್ಪಿದರೆ ವೈದ್ಯೆಯ ಕರಾರೂ ಬಿಡುಗಡೆಯಾಗಬೇಕು. ಸೇವೆಯಲ್ಲಿರುವ ವೈದ್ಯರಿಗೆ ಸ್ನಾತಕೋತ್ತರ ಸ್ಥಾನಗಳನ್ನು ಮೀಸಲಿಡಲು ರಾಜ್ಯಗಳಿಗೆ ಅಧಿಕಾರವುಂಟೆಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿದೆ. ಆರು ವರ್ಷ ಹಳ್ಳಿಯಲ್ಲಿ ದುಡಿದವಳಿಗೆ ಅಂಥದೊಂದು ಸ್ಥಾನವನ್ನು ಬರೆದೇ ಕೊಟ್ಟರೆ, ಆ ಆರು ವರ್ಷ ಕಳೆದುಕೊಂಡ ಕಾಲವಾಗದೆ ಏರುವ ಮೆಟ್ಟಿಲಾಗುತ್ತದೆ.

ಓದಿಸಿದವರನ್ನೆಲ್ಲ ಕಟ್ಟಿಹಾಕುವುದು ಸಾಧ್ಯವೂ ಅಲ್ಲ, ಯಾವಾಗಲೂ ಲಾಭವೂ ಅಲ್ಲವೆಂಬುದಕ್ಕೆ ನಮ್ಮ ನಾಡಿನದೇ ದೊಡ್ಡ ನಿದರ್ಶನವಿದೆ. ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ವಿಶ್ವೇಶ್ವರಯ್ಯನವರು 1884ರಲ್ಲಿ ಸೇರಿದ್ದು ಮುಂಬಯಿ ಸರಕಾರದ ಕೆಲಸಕ್ಕೆ. ಮೈಸೂರಿನ ಹಣ ಕಾಲು ಶತಮಾನ ಪರಪ್ರಾಂತದ ನೀರು ಚರಂಡಿಗಳಿಗೆ ಉಪಯೋಗವಾಯಿತು. 1909ರಲ್ಲಿ ಅವರು ಮುಖ್ಯ ಎಂಜಿನಿಯರಾಗಿ ಮೈಸೂರಿಗೆ ಬಂದಾಗ, ಆ ವೇತನ ಹೇಗೆ ಹಿಂದಿರುಗಿತೆಂಬುದನ್ನು ಕನ್ನಂಬಾಡಿಯ ನೀರು ಉಣ್ಣುವವರಿಗೆ ಹೇಳಬೇಕಾಗಿಲ್ಲ. ಅಂಥವರು ಶತಮಾನಕ್ಕೊಬ್ಬರು. ಅವರ ಹೆಸರು ಹೇಳಿ ಮುಚ್ಚಳಿಕೆಯೇ ಬೇಡವೆನ್ನುವುದು ಜಾಣತನವಾಗದು. ಕಾಲು ಶತಮಾನ ಕಾಯುವ ತಾಳ್ಮೆ ರಾಜ್ಯಕ್ಕೆ ಇರಬಹುದು, ಸಕ್ಕರೆ ಕಾಯಿಲೆಯ ವೃದ್ಧೆಗೆ ಇಲ್ಲ.

ಆಕೆ ಮುಂದಿನ ತಿಂಗಳೂ ಅದೇ ಕೇಂದ್ರಕ್ಕೆ ಹೋಗುತ್ತಾರೆ. ಈಗಿರುವ ವೈದ್ಯೆ ಇಪ್ಪತ್ತೈದರ ಹುಡುಗಿಯಂತೆ, ರಾಯಚೂರಿನ ಕಡೆಯವಳಂತೆ, ಬಹಳ ಸಮಾಧಾನದಿಂದ ಮಾತಾಡುತ್ತಾಳಂತೆ. ವರ್ಷ ಮುಗಿಯಲು ಇನ್ನು ನಾಲ್ಕು ತಿಂಗಳಿದೆ.