ಪ್ಯಾಕೆಟ್ ಬೀಜದಿಂದ ಆರ್ಕಿಡ್ ಬೆಳೆಯಬಹುದೇ? ಫಾರ್ವರ್ಡ್ ಮಾಡುವ ಮುನ್ನ ಓದಿ

‘ಅಪರೂಪದ ಪುಟಾಣಿ ಆರ್ಕಿಡ್ ಬೀಜ, ಮಣ್ಣಿಗೆ ಹಾಕಿ ನೀರು ಕೊಟ್ಟರೆ ಸಾಕು’ ಎನ್ನುವ ಧಾಟಿಯ ಜಾಹೀರಾತುಗಳನ್ನು ನೀವೂ ನೋಡಿರಬಹುದು. ಕೆಲವದರಲ್ಲಿ ಮಂಗನ ಮುಖದಂತಿರುವ ಹೂವಿನ ಫೋಟೊ ಇರುತ್ತದೆ. ಆ ಹೂ ಸುಳ್ಳಲ್ಲ. ಅದರ ಹೆಸರು ಡ್ರಾಕುಲಾ ಸಿಮಿಯಾ, ದಕ್ಷಿಣ ಅಮೆರಿಕದ ಈಕ್ವೆಡಾರ್‌ನ ಮಂಜು ಮುಸುಕಿದ ಕಾಡುಗಳಲ್ಲಿ ಬೆಳೆಯುತ್ತದೆ. ಸುಳ್ಳಿರುವುದು ಬೀಜದ ಮಾತಿನಲ್ಲಿ.

ಬೀಜದಲ್ಲಿ ಬುತ್ತಿಯೇ ಇಲ್ಲ

ಅವರೆ, ಹೆಸರುಕಾಳು ಮೊಳೆಯುವುದು ಕಾಳಿನಲ್ಲೇ ಕೂಡಿಟ್ಟ ಆಹಾರದಿಂದ. ಆರ್ಕಿಡ್ ಬೀಜದಲ್ಲಿ ಅಂಥ ದಾಸ್ತಾನು ಇಲ್ಲ. ಅದು ಗಾಳಿಯಲ್ಲಿ ಹಾರುವ ಧೂಳಿನಷ್ಟು ಸಣ್ಣದು, ಒಂದೇ ಕಾಯಿಯಲ್ಲಿ ಲಕ್ಷಗಟ್ಟಲೆ ಇರಬಹುದು. ಕಾಡಿನಲ್ಲಿ ಸೂಕ್ತವಾದ ಶಿಲೀಂಧ್ರವೊಂದು ಬೀಜದೊಳಗೆ ಸೇರಿ ಉಣಿಸಿದರೆ ಮಾತ್ರ ಅದು ಸಸಿಯಾಗುತ್ತದೆ. ಉಳಿದವೆಲ್ಲ ವ್ಯರ್ಥ.

ಈ ಗುಟ್ಟನ್ನು 1899ರಲ್ಲಿ ಕಂಡುಕೊಂಡವರು ಫ್ರಾನ್ಸ್‌ನ ನೊಯೆಲ್ ಬರ್ನಾರ್. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಸಕ್ಕರೆ ಮತ್ತು ಲವಣ ಬೆರೆಸಿದ ಅಗರ್ ಪಾಕದ ಮೇಲೆ ಶಿಲೀಂಧ್ರವಿಲ್ಲದೆಯೂ ಬೀಜ ಮೊಳೆಸಬಹುದು ಎಂದು ತೋರಿಸಿದರು. ಸಕ್ಕರೆ ಇದ್ದಲ್ಲಿ ಬೂಷ್ಟು ಬೇಗ ಹಿಡಿಯುವುದರಿಂದ ಇಡೀ ಕೆಲಸ ಸೂಕ್ಷ್ಮಾಣುರಹಿತ ಗಾಜಿನ ಬಾಟಲಿಯಲ್ಲೇ ಆಗಬೇಕು. ಮನೆಯ ಕುಂಡದಲ್ಲಿ ಇದು ಆಗುವ ಮಾತಲ್ಲ.

ಆದ್ದರಿಂದ ಪ್ಯಾಕೆಟ್‌ನಲ್ಲಿ ಸಾಸಿವೆ ಅಥವಾ ಎಳ್ಳಿನ ಗಾತ್ರದ ಬೀಜ ಬಂದರೆ ಅದು ಆರ್ಕಿಡ್ ಅಲ್ಲ. ಬೇರೆ ಯಾವುದೋ ಗಿಡದ್ದು.

ಹಾಗಾದರೆ ಮನೆಯಲ್ಲಿ ಬೆಳೆಸುವುದು ಹೇಗೆ?

ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆದ ಸಸಿಯಿಂದ. ಅದು ಹೊರಗೆ ಬರುವ ಮೊದಲ ಕೆಲವು ವಾರಗಳೇ ಕಷ್ಟದ ಕಾಲ. ಬಾಟಲಿಯ ಒದ್ದೆ ಗಾಳಿಗೆ ಒಗ್ಗಿದ ಎಲೆಗಳು ಹೊರಗಿನ ಒಣ ಗಾಳಿಗೆ ಬಾಡಿಬಿಡುತ್ತವೆ.

• ಬೇರಿಗೆ ಅಂಟಿದ ಅಗರ್ ಅನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಧಾನವಾಗಿ ತೊಳೆಯಿರಿ. ಉಳಿದರೆ ಬೂಷ್ಟು ಬರುತ್ತದೆ.
• ಮಣ್ಣು ಬೇಡ. ತೇವದ ಸ್ಫ್ಯಾಗ್ನಮ್ ಪಾಚಿ ಅಥವಾ ಸಣ್ಣ ತೊಗಟೆ ಚೂರಿನಲ್ಲಿ ಹಲವು ಸಸಿಗಳನ್ನು ಒಟ್ಟಿಗೆ ನೆಡಿ.
• ಪಾರದರ್ಶಕ ಮುಚ್ಚಳ ಹಾಕಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ. ಮುಚ್ಚಳವನ್ನು ಕೆಲವು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ತೆರೆಯುತ್ತಾ ಹೋಗಿ.
• ತೇವವಿರಲಿ, ನೀರು ನಿಲ್ಲದಿರಲಿ. ಪುಟಾಣಿ ಜಾತಿಗಳ ಸಣ್ಣ ಬೇರು ಬೇಗ ಒಣಗುತ್ತದೆ, ನೀರು ನಿಂತರೆ ಕೊಳೆಯುತ್ತದೆ.

ಹೂ ಬಿಡಲು ವರ್ಷಗಳೇ ಬೇಕು. ಡ್ರಾಕುಲಾದಂಥ ಗಿಡಕ್ಕೆ ತಂಪು ರಾತ್ರಿ ಬೇಕಿರುವುದರಿಂದ ಕಲಬುರಗಿ, ರಾಯಚೂರಿನ ಸೆಕೆಯಲ್ಲಿ ಅದು ಬದುಕುವುದು ಕಷ್ಟ. ಅಂಥ ಊರುಗಳಲ್ಲಿ ಪುಟ್ಟ ಫಲೆನಾಪ್ಸಿಸ್ ತಳಿಗಳು ಹೆಚ್ಚು ಸೂಕ್ತ. ಅವಕ್ಕೂ ತೇವದ ಗಾಳಿ ಮತ್ತು ನೆರಳು ಒದಗಿಸಬೇಕು.

ಕಾಡಿನಿಂದ ಕಿತ್ತು ತಂದರೆ?

ತರಬೇಡಿ. ಮರದ ಮೇಲಿನ ಆರ್ಕಿಡ್ ಅನ್ನು ಬಂದಳಿಕೆ ಎಂದುಕೊಂಡು ಕಿತ್ತೆಸೆಯುವವರೂ ಇದ್ದಾರೆ. ಬಂದಳಿಕೆ ಮರದ ರಸ ಹೀರುತ್ತದೆ. ಮಲೆನಾಡಿನ ಸೀತಾಳೆ ದಂಡೆಯಂಥ ಆರ್ಕಿಡ್‌ಗಳಿಗೆ ಮರ ಬರೀ ಆಸರೆ. ಪಶ್ಚಿಮ ಘಟ್ಟದ ಒಬೆರೋನಿಯಾದಂಥ ಪುಟಾಣಿ ಜಾತಿಗಳ ಹೂವು ಒಂದೆರಡು ಮಿಲಿಮೀಟರ್ ಇದ್ದು, ಕಣ್ಣಿಗೆ ಬೀಳುವುದೇ ಕಷ್ಟ. ಲಕ್ಷಾಂತರ ಬೀಜಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಗಿಡವಾಗುವ ಕುಲವಿದು. ಕಿತ್ತ ಒಂದೊಂದು ಗಿಡದ ನಷ್ಟ ಸುಲಭಕ್ಕೆ ತುಂಬುವುದಿಲ್ಲ. ಇಡೀ ಆರ್ಕಿಡ್ ಕುಟುಂಬದ ಅಂತರರಾಷ್ಟ್ರೀಯ ವ್ಯಾಪಾರ ‘ಸೈಟಿಸ್’ ಒಪ್ಪಂದದ ನಿಯಂತ್ರಣದಲ್ಲಿರುವುದೂ ಇದಕ್ಕಾಗಿಯೇ.

ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಇದು ಪ್ರಯೋಗಾಲಯದ ಸಸಿಯೇ? ನಮ್ಮ ಊರಿನ ಹವೆಗೆ ಒಗ್ಗುತ್ತದೆಯೇ? ಸ್ಪಷ್ಟ ಉತ್ತರ ಸಿಗದಿದ್ದರೆ ಹಣ ಕೊಡಬೇಡಿ. ಬೀಜದ ಪ್ಯಾಕೆಟ್‌ನ ಜಾಹೀರಾತು ಬಂದರೆ ಅದನ್ನು ನಿಮ್ಮಲ್ಲೇ ನಿಲ್ಲಿಸಿ.